ಕಲ್ಲಿದ್ದಲಿನೊಳಗೆ ಅಷ್ಟೊಂದು ಗ್ಯಾಸ್ ಹೇಗೆ ಕೂರುತ್ತದೆ, ಒತ್ತಡ ಇಳಿಸಿದರೆ ಯಾವಾಗ ಹೊರಗೆ ಬರುತ್ತದೆ?

ಶಕ್ತಿನಗರ_ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯವನು, ಈಗ ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ಶಕ್ತಿನಗರದ ಥರ್ಮಲ್ ಪ್ಲಾಂಟಿಗೆ ರೈಲುಗಟ್ಟಲೆ ಕಲ್ಲಿದ್ದಲು ಬರುವುದನ್ನು ನೋಡುತ್ತಲೇ ಬೆಳೆದವನು. ಸೆಮಿನಾರಿಗೆ ಕಲ್ಲಿದ್ದಲು ಮತ್ತು ಅಡ್ಸಾರ್ಪ್ಶನ್ (ಗ್ಯಾಸ್ ಘನವಸ್ತುವಿನ ಮೈಗೆ ಅಂಟಿಕೊಳ್ಳುವುದು) ಅಂತ ವಿಷಯ ತೆಗೆದುಕೊಂಡಿದ್ದೇನೆ. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ಒಳ್ಳೆಯ ಗ್ಯಾಸಿ ಕಲ್ಲಿದ್ದಲಿನಲ್ಲಿ ಟನ್ನಿಗೆ 10ರಿಂದ 15 ಘನ ಮೀಟರ್ ಮೀಥೇನ್ ಇರಬಹುದು ಅಂತ ಓದಿದೆ. ಒಂದು ಟನ್ ಕಲ್ಲಿದ್ದಲು ಹಿಡಿಯುವ ಜಾಗ ಸುಮಾರು ಮುಕ್ಕಾಲು ಘನ ಮೀಟರ್. ಅಂದರೆ ತನ್ನ ಗಾತ್ರದ ಇಪ್ಪತ್ತು ಪಟ್ಟು ಗ್ಯಾಸ್! ಕೈಯಲ್ಲಿ ಹಿಡಿದರೆ ಗಟ್ಟಿ ಕಲ್ಲಿನ ಹಾಗಿದೆ, ಎಲ್ಲಿ ಕೂರುತ್ತದೆ ಅಷ್ಟು? ಎರಡು, ಆ ಗ್ಯಾಸ್ ತೆಗೆಯಬೇಕಾದರೆ ಮೊದಲು ತಿಂಗಳುಗಟ್ಟಲೆ ಬರೀ ನೀರು ಎತ್ತುತ್ತಾರಂತೆ, ಯಾಕೆ? ಮೂರು, ಯಾವ ಒತ್ತಡಕ್ಕೆ ಎಷ್ಟು ಗ್ಯಾಸ್ ಅಂಟುತ್ತದೆ ಅಂತ ಹೇಳುವ ಲ್ಯಾಂಗ್ಮ್ಯೂರ್ ಸೂತ್ರ ಬಾಯಿಪಾಠ ಇದೆ, ಗ್ರಾಫ್ ಬರೆಯಲೂ ಬರುತ್ತದೆ. ಆದರೆ ಆ ಗೆರೆ ಗಣಿಯಲ್ಲಿ ಏನು ಹೇಳುತ್ತದೆ ಅನ್ನುವುದು ಯಾವ ಪುಸ್ತಕದಲ್ಲೂ ಸರಿಯಾಗಿ ಸಿಗಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಧನಬಾದ್_ಕನ್ನಡಿಗ:

ತಮ್ಮಾ, ಒಳ್ಳೆಯ ಪ್ರಶ್ನೆ. ನಾನು ಇಲ್ಲಿ ಝರಿಯಾ ಕಡೆ ಗ್ಯಾಸ್ ಅಳತೆ ಕೆಲಸದಲ್ಲೇ ಇರುವವನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದು.

ಮೊದಲು ಎಲ್ಲಿ ಕೂರುತ್ತದೆ ಅನ್ನುವುದು. ಕಲ್ಲಿದ್ದಲು ನೋಡಲು ಗಟ್ಟಿ, ಆದರೆ ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ಅದರಲ್ಲೂ ಮುಖ್ಯವಾದವು 2 ನ್ಯಾನೋಮೀಟರಿಗಿಂತ ಕಿರಿದಾದವು. ಮೀಥೇನ್ ಅಣುವಿನ ಅಗಲವೇ ಸುಮಾರು 0.38 ನ್ಯಾನೋಮೀಟರ್. ಅಂದರೆ ನಾಲ್ಕೈದು ಅಣು ಪಕ್ಕಪಕ್ಕ ನಿಂತರೆ ರಂಧ್ರ ಮುಗಿಯಿತು. ಅಂಥ ಇಕ್ಕಟ್ಟಿನಲ್ಲಿ ಅಣುವನ್ನು ಒಂದು ಗೋಡೆ ಅಲ್ಲ, ಸುತ್ತಲಿನ ಎಲ್ಲ ಗೋಡೆಗಳೂ ಎಳೆಯುತ್ತವೆ. ಇಂಥ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದೇ ಒಂದು ಗ್ರಾಂ ಕಲ್ಲಿದ್ದಲಿನಲ್ಲಿ 100ರಿಂದ 300 ಚದರ ಮೀಟರ್ ಸಿಗುತ್ತದೆ. 30×40 ಸೈಟ್ ಅಂದರೆ ಸುಮಾರು 111 ಚದರ ಮೀಟರ್. ಹಾಗಾದರೆ ಚಿಟಿಕೆ ಪುಡಿಯೊಳಗೆ ಒಂದರಿಂದ ಎರಡೂವರೆ ಸೈಟು ಇದೆ ಅಂತಾಯಿತು. ಆ ಗೋಡೆಗೆ ಗ್ಯಾಸ್ ಅಂಟಿಕೊಂಡಿರುತ್ತದೆ, ದ್ರವ ಮೀಥೇನ್ ಎಷ್ಟು ಒತ್ತಾಗಿರುತ್ತದೋ ಹೆಚ್ಚುಕಮ್ಮಿ ಅಷ್ಟೇ ಒತ್ತಾಗಿ. ಕೆಮಿಕಲ್ ಬಂಧ ಏನೂ ಇಲ್ಲ, ಬರೀ ವಾನ್ ಡರ್ ವಾಲ್ಸ್ ಸೆಳೆತ, ಅಂದರೆ ಅಣುಗಳ ನಡುವಿನ ದುರ್ಬಲ ಎಳೆತ. ಅದಕ್ಕೇ ಒತ್ತಡ ತೆಗೆದರೆ ಬಿಟ್ಟುಬಿಡುತ್ತದೆ.

ಬರೀ ಖಾಲಿ ಜಾಗದಲ್ಲಿ ತುಂಬಿಕೊಂಡಿದ್ದರೆ ಎಷ್ಟಿರುತ್ತಿತ್ತು ಅಂತ ಲೆಕ್ಕ ಹಾಕಿ ನೋಡು. ಕಲ್ಲಿದ್ದಲಿನಲ್ಲಿ ಬಿರುಕುಗಳಿರುತ್ತವೆ, ನಾವು ಕ್ಲೀಟ್ ಅನ್ನುತ್ತೇವೆ. ಅವುಗಳ ಪಾಲು ಒಟ್ಟು ಗಾತ್ರದಲ್ಲಿ ಶೇಕಡಾ 1ರಿಂದ 2. ಟನ್ನಿಗೆ 0.015 ಘನ ಮೀಟರ್ ಅಂತಿಟ್ಟುಕೋ. 400 ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 40 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ). ನಲವತ್ತು ಪಟ್ಟು ಒತ್ತಿ ತುಂಬಿದರೂ 0.6 ಘನ ಮೀಟರ್ ಆಯಿತು, ಅಷ್ಟೇ. ಅದೂ ಆ ಬಿರುಕುಗಳಲ್ಲಿ ಸಾಮಾನ್ಯವಾಗಿ ನೀರೇ ತುಂಬಿರುತ್ತದೆ, ಗ್ಯಾಸ್ ಅಲ್ಲ. ಉಳಿದ ಹನ್ನೆರಡು ಹದಿಮೂರು ಘನ ಮೀಟರ್ ಗೋಡೆಗೆ ಅಂಟಿದ್ದು.

ಈಗ ನಿನ್ನ ಲ್ಯಾಂಗ್ಮ್ಯೂರ್ ಗೆರೆ. ಇರ್ವಿಂಗ್ ಲ್ಯಾಂಗ್ಮ್ಯೂರ್ 1918ರಲ್ಲಿ ಇದನ್ನು ಬರೆದದ್ದು ಗಾಜು, ಮೈಕಾ, ಪ್ಲಾಟಿನಂ ಮೇಲೆ ಗ್ಯಾಸ್ ಹೇಗೆ ಕೂರುತ್ತದೆ ಅಂತ ಹೇಳಲಿಕ್ಕೆ. ಕಲ್ಲಿದ್ದಲು ಅಷ್ಟು ಶಿಸ್ತಿನ ವಸ್ತು ಅಲ್ಲ, ಆದರೂ ಸೂತ್ರ ಚೆನ್ನಾಗಿಯೇ ಒಪ್ಪುತ್ತದೆ. ಎರಡೇ ಸಂಖ್ಯೆ ಬೇಕು. ಲ್ಯಾಂಗ್ಮ್ಯೂರ್ ವಾಲ್ಯೂಮ್, ಅಂದರೆ ಎಷ್ಟೇ ಒತ್ತಿದರೂ ಇದಕ್ಕಿಂತ ಜಾಸ್ತಿ ಕೂರುವುದಿಲ್ಲ ಅನ್ನುವ ಮಿತಿ. ಲ್ಯಾಂಗ್ಮ್ಯೂರ್ ಪ್ರೆಶರ್, ಅಂದರೆ ಆ ಮಿತಿಯ ಅರ್ಧ ತುಂಬಲು ಬೇಕಾದ ಒತ್ತಡ. ಉದಾಹರಣೆಗೆ ಮೊದಲನೆಯದು 20 ಘನ ಮೀಟರ್, ಎರಡನೆಯದು 20 ಬಾರ್ ಅಂತ ಹಿಡಿ. 80 ಬಾರ್‌ನಲ್ಲಿ 16 ಘನ ಮೀಟರ್ ಕೂರುತ್ತದೆ. 40ಕ್ಕೆ 13.3. 20ಕ್ಕೆ 10. 10ಕ್ಕೆ 6.7. 5ಕ್ಕೆ 4. ಒಂದು ಬಾರ್‌ಗೆ ಬಂದರೂ ಇನ್ನೂ ಒಂದು ಘನ ಮೀಟರಿನಷ್ಟು ಉಳಿದಿರುತ್ತದೆ.

ಈಗ ಈ ಸಂಖ್ಯೆಗಳನ್ನು ಕೆಳಗಿನಿಂದ ನೋಡು. 80ರಿಂದ 40ಕ್ಕೆ ಇಳಿಸಿದೆ, ನಲವತ್ತು ಬಾರ್ ಕಮ್ಮಿ ಮಾಡಿದೆ, ಬಂದ ಗ್ಯಾಸ್ 2.7 ಘನ ಮೀಟರ್. 10ರಿಂದ 5ಕ್ಕೆ ಇಳಿಸಿದೆ, ಬರೀ ಐದು ಬಾರ್, ಬಂದದ್ದು ಅದೇ 2.7! ಸಿಲಿಂಡರ್ ಆಗಿದ್ದರೆ ಒತ್ತಡ ಅರ್ಧ ಮಾಡಿದಾಗ ಅರ್ಧ ಗ್ಯಾಸ್ ಬರುತ್ತಿತ್ತು. ಕಲ್ಲಿದ್ದಲು ಹಾಗಲ್ಲ. ಮೊದಮೊದಲು ಬಿಗಿ ಹಿಡಿದು ಕೂತಿರುತ್ತದೆ, ಒತ್ತಡ ತೀರಾ ಇಳಿದ ಮೇಲೆ ಸುರಿಯುತ್ತದೆ. ಗಣಿಯ ಅಪಾಯ, ಗ್ಯಾಸ್ ಬಾವಿಯ ಲಾಭ, ಎರಡೂ ಇರುವುದು ಆ ಗೆರೆಯ ಎಡಗಡೆ ತುದಿಯಲ್ಲಿ, ಅಂದರೆ ಒತ್ತಡ ಕಮ್ಮಿ ಇರುವ ಕಡೆ. ನಿನ್ನ ಸೆಮಿನಾರಿನಲ್ಲಿ ಬೇರೆ ಏನು ಬಿಟ್ಟರೂ ಇದೊಂದನ್ನು ಬಿಡಬೇಡ.

ಶಕ್ತಿನಗರ_ಹುಡುಗ:

ಅಣ್ಣಾ, ಇಷ್ಟು ದಿನ ಆ ಗೆರೆಯನ್ನು ಎಡದಿಂದ ಬಲಕ್ಕೆ ಮಾತ್ರ ಓದುತ್ತಿದ್ದೆ. ಬಲದಿಂದ ಎಡಕ್ಕೆ ಓದಿದರೆ ಬೇರೆಯೇ ಕಥೆ. ತುಂಬಾ ಥ್ಯಾಂಕ್ಸ್. ಹಾಗಾದರೆ ನೀರು ಎತ್ತುವುದು ಒತ್ತಡ ಇಳಿಸಲಿಕ್ಕೇನಾ?

ಧನಬಾದ್_ಕನ್ನಡಿಗ:

ಹೌದು, ಅದಕ್ಕೇ. ಕ್ಲೀಟ್ ತುಂಬ ನೀರು, ಆ ನೀರಿನ ಭಾರವೇ ಗ್ಯಾಸನ್ನು ಗೋಡೆಗೆ ಒತ್ತಿ ಹಿಡಿದಿರುವುದು. ನೀರು ಎತ್ತಿದರೆ ಒತ್ತಡ ಇಳಿಯುತ್ತದೆ. ಆಗ ಗ್ಯಾಸ್ ಗೋಡೆ ಬಿಟ್ಟು, ಆ ಸಣ್ಣ ರಂಧ್ರಗಳಲ್ಲಿ ತೂರಿಕೊಂಡು, ನಿಧಾನಕ್ಕೆ ಕ್ಲೀಟಿಗೆ ಬಂದು, ಅಲ್ಲಿಂದ ಬಾವಿಗೆ ಹರಿಯುತ್ತದೆ. ರಂಧ್ರದೊಳಗಿನದು ಡಿಫ್ಯೂಶನ್, ಅಂದರೆ ಅಣುಗಳು ಒತ್ತಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ತಾವಾಗಿ ಹರಡುವುದು. ಕ್ಲೀಟಿನೊಳಗಿನದು ಡಾರ್ಸಿ ಹರಿವು, ಅಂದರೆ ಒತ್ತಡದ ವ್ಯತ್ಯಾಸ ತಳ್ಳುವ ಹರಿವು. ಎರಡೂ ಬೇರೆ ಬೇರೆ ನಿಯಮ.

ಇನ್ನೊಂದು ವಿಷಯ ಇದೆ. ಎಲ್ಲ ಕಲ್ಲಿದ್ದಲೂ ತನಗೆ ಎಷ್ಟು ಸಾಮರ್ಥ್ಯ ಇದೆಯೋ ಅಷ್ಟು ತುಂಬಿಕೊಂಡಿರುವುದಿಲ್ಲ. ಲಕ್ಷಾಂತರ ವರ್ಷಗಳಲ್ಲಿ ಪದರ ಮೇಲೆ ಬಂದಿರುತ್ತದೆ, ಕೆಳಗೆ ಹೋಗಿರುತ್ತದೆ, ಒಂದಿಷ್ಟು ಗ್ಯಾಸ್ ಸೋರಿ ಹೋಗಿರುತ್ತದೆ. ಮೇಲಿನ ಉದಾಹರಣೆಯಲ್ಲೇ 40 ಬಾರ್‌ಗೆ 13.3 ಹಿಡಿಯಬಲ್ಲ ಪದರದಲ್ಲಿ 10 ಮಾತ್ರ ಇದೆ ಅಂತಿಟ್ಟುಕೋ. 10 ಅಂದರೆ ಗೆರೆಯ ಮೇಲೆ 20 ಬಾರ್. ಹಾಗಾಗಿ ಒತ್ತಡ 40ರಿಂದ 20ಕ್ಕೆ ಬರುವ ತನಕ ಗ್ಯಾಸ್ ಬರುವುದೇ ಇಲ್ಲ, ಬರೀ ನೀರು. 200 ಮೀಟರಿನಷ್ಟು ನೀರಿನ ಮಟ್ಟ ಇಳಿಸಬೇಕು! ದುಡ್ಡು ಹಾಕಿದವರಿಗೆ ಅದು ಬಹಳ ಕಷ್ಟದ ಕಾಲ. ಆಮೇಲೆ 5 ಬಾರ್ ತನಕ ಇಳಿಸಿ ನಿಲ್ಲಿಸಿದರೆ 10ರಲ್ಲಿ 6 ಸಿಗುತ್ತದೆ, 4 ಒಳಗೇ ಉಳಿಯುತ್ತದೆ. ಇನ್ನೂ 2 ಬಾರ್ ಇಳಿಸಲು ಆದರೆ 7.4 ಸಿಗುತ್ತದೆ. ಅದಕ್ಕೇ ಸಿಬಿಎಂ (ಕೋಲ್ ಬೆಡ್ ಮೀಥೇನ್, ಕಲ್ಲಿದ್ದಲು ಪದರದ ಗ್ಯಾಸ್) ಬಾವಿಯವರು ಕೊನೆಯ ಒಂದೆರಡು ಬಾರಿಗೆ ಅಷ್ಟು ಒದ್ದಾಡುವುದು.

ನಮ್ಮಲ್ಲಿ ಸಿಬಿಎಂ ನೀತಿ ಬಂದದ್ದು 1997ರಲ್ಲಿ. ಮೊದಲ ವಾಣಿಜ್ಯ ಉತ್ಪಾದನೆ 2007ರಲ್ಲಿ ರಾಣಿಗಂಜ್ ಕಡೆ ಶುರುವಾಯಿತು. ಮಧ್ಯಪ್ರದೇಶದ ಸೋಹಾಗ್‌ಪುರದಲ್ಲಿ 2017ರಿಂದ ಬರುತ್ತಿದೆ. ಝರಿಯಾ, ಬೊಕಾರೊ ಕಡೆಯೂ ಇದೆ. ಮಾಮೂಲಿ ಗ್ಯಾಸ್ ಬಾವಿ ಮೊದಲ ದಿನ ಜೋರಾಗಿ ಬಂದು ಆಮೇಲೆ ಇಳಿಯುತ್ತದೆ. ಇದು ಉಲ್ಟಾ, ಮೊದಲು ನೀರು, ಆಮೇಲೆ ಗ್ಯಾಸ್ ಏರುತ್ತಾ ಹೋಗಿ ಆಮೇಲೆ ಇಳಿಯುವುದು.

ಕೆಮಿಸ್ಟ್ರಿ_ಮೇಡಂ:

ಚೆನ್ನಾಗಿ ಬರೆದಿದ್ದೀರಿ ಸರ್. ಎರಡು ವಿಷಯ ಸೇರಿಸುತ್ತೇನೆ, ಹುಡುಗರು ವೈವಾದಲ್ಲಿ ಇಲ್ಲೇ ತಡವರಿಸುತ್ತಾರೆ. ಅಡ್ಸಾರ್ಪ್ಶನ್ ಆದಾಗ ಶಾಖ ಹೊರಗೆ ಬರುತ್ತದೆ. ಹಾಗಾಗಿ ಬಿಸಿ ಜಾಸ್ತಿಯಾದರೆ ಕೂರುವ ಗ್ಯಾಸ್ ಕಮ್ಮಿ. ಐಸೋಥರ್ಮ್ ಅನ್ನುವ ಹೆಸರೇ ಅದಕ್ಕೆ, ಒಂದೇ ಉಷ್ಣತೆಯಲ್ಲಿ ತೆಗೆದ ಗೆರೆ. ಆಳಕ್ಕೆ ಹೋದ ಹಾಗೆ ಒತ್ತಡವೂ ಏರುತ್ತದೆ, ಬಿಸಿಯೂ ಏರುತ್ತದೆ. ಒಂದು ಹಿಡಿಸುತ್ತದೆ, ಇನ್ನೊಂದು ಬಿಡಿಸುತ್ತದೆ. ಆಳ ಹೆಚ್ಚಾದಷ್ಟೂ ಗ್ಯಾಸ್ ಹೆಚ್ಚುತ್ತಲೇ ಹೋಗುತ್ತದೆ ಅಂತ ಸುಮ್ನೆ ಬರೆಯಬೇಡಿ.

ಎರಡನೆಯದು ತೇವ. ನೀರಿನ ಅಣುಗಳೂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಒಣಗಿಸಿದ ಕಲ್ಲಿದ್ದಲಿನ ಮೇಲೆ ತೆಗೆದ ಐಸೋಥರ್ಮ್ ನೆಲದೊಳಗಿನ ಕಲ್ಲಿದ್ದಲಿಗೆ ಅನ್ವಯಿಸಿದರೆ ಲೆಕ್ಕ ಪೂರ್ತಿ ಮೇಲಕ್ಕೆ ಹೋಗುತ್ತದೆ. ಅಳೆಯುವ ಮೊದಲು ಕಲ್ಲಿದ್ದಲಿಗೆ ನೆಲದೊಳಗೆ ಇರುವಷ್ಟು ತೇವ ಹಿಡಿಸುವುದು ಅದಕ್ಕೇ.

ಶಕ್ತಿನಗರ_ಹುಡುಗ:

ಮೇಡಂ, ನೋಟ್ ಮಾಡಿಕೊಂಡೆ. ಅಳೆಯುವುದು ಹೇಗೆ ಅನ್ನುವುದನ್ನೂ ಯಾರಾದರೂ ಹೇಳಿದರೆ ಒಂದು ಸ್ಲೈಡ್ ಮಾಡುತ್ತೇನೆ. ಗೋಡೆಗೆ ಅಂಟಿದ ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ತೂಗುವುದು ಹೇಗೆ?

ಧನಬಾದ್_ಕನ್ನಡಿಗ:

ಎರಡು ಬೇರೆ ಅಳತೆ ಇದೆ, ಎರಡನ್ನೂ ಬೆರೆಸಬೇಡ. ಎಷ್ಟು ಹಿಡಿಯಬಲ್ಲದು ಅನ್ನುವುದು ಒಂದು. ಎಷ್ಟು ಇದೆ ಅನ್ನುವುದು ಇನ್ನೊಂದು.

ಹಿಡಿಯಬಲ್ಲದ್ದು ಲ್ಯಾಬಿನಲ್ಲಿ. ಎರಡು ಸ್ಟೀಲ್ ಕೋಣೆ, ಮಧ್ಯೆ ವಾಲ್ವ್. ಒಂದು ಖಾಲಿ, ಒಂದರಲ್ಲಿ ಪುಡಿ ಮಾಡಿದ ಕಲ್ಲಿದ್ದಲು. ಎರಡೂ ಒಂದೇ ಬಿಸಿಯಲ್ಲಿ. ಮೊದಲು ಹೀಲಿಯಂ ಬಿಟ್ಟು ಕಲ್ಲಿದ್ದಲಿನ ಕೋಣೆಯಲ್ಲಿ ಖಾಲಿ ಜಾಗ ಎಷ್ಟಿದೆ ಅಂತ ತಿಳಿದುಕೊಳ್ಳುತ್ತೇವೆ, ಹೀಲಿಯಂ ಹೆಚ್ಚುಕಮ್ಮಿ ಎಲ್ಲೂ ಅಂಟುವುದಿಲ್ಲ. ಆಮೇಲೆ ಖಾಲಿ ಕೋಣೆಗೆ ಮೀಥೇನ್ ತುಂಬಿ ವಾಲ್ವ್ ತೆರೆದರೆ ಒತ್ತಡ ಇಳಿಯುತ್ತದೆ. ಜಾಗದ ಲೆಕ್ಕಕ್ಕೆ ಎಷ್ಟು ಇಳಿಯಬೇಕಿತ್ತೋ ಅದಕ್ಕಿಂತ ಜಾಸ್ತಿ ಇಳಿದಿರುತ್ತದೆ. ಆ ಜಾಸ್ತಿ ಇಳಿದದ್ದೇ ಗೋಡೆಗೆ ಹೋದ ಗ್ಯಾಸ್. ಮುಳ್ಳು ಅಲ್ಲಾಡದೆ ನಿಲ್ಲುವ ತನಕ ಕಾಯುವುದು, ಮತ್ತೆ ಮುಂದಿನ ಮೆಟ್ಟಿಲು. ವಾಲ್ವ್ ಒಂದಿಷ್ಟು ಸೋರಿದರೂ ಇಡೀ ಗೆರೆ ಹಾಳು.

ಇರುವುದು ಎಷ್ಟು ಅನ್ನುವುದಕ್ಕೆ ಡ್ರಿಲ್ಲಿಂಗ್ ಜಾಗಕ್ಕೇ ಹೋಗಬೇಕು. ಇದು ನನಗೆ ತುಂಬಾ ಇಷ್ಟದ ಕೆಲಸ. ಕೋರ್, ಅಂದರೆ ಕೊರೆದು ತೆಗೆದ ಕಲ್ಲಿದ್ದಲಿನ ಉದ್ದನೆ ತುಂಡು, ಮೇಲೆ ಬರಲು ಶುರುವಾದ ಕ್ಷಣದಿಂದಲೇ ಗಡಿಯಾರ ಹಾಕುತ್ತೇವೆ. ಯಾಕೆಂದರೆ ಮೇಲೆ ಬರುತ್ತಾ ಬರುತ್ತಾ ನೀರಿನ ಒತ್ತಡ ಇಳಿದು ಗ್ಯಾಸ್ ಹೋಗಲು ಶುರುವಾಗಿಬಿಡುತ್ತದೆ. ಮೇಲೆ ಬಂದ ಕೋರ್ ಕಪ್ಪಗೆ ಒದ್ದೆಯಾಗಿರುತ್ತದೆ. ಕಿವಿ ಹತ್ತಿರ ಹಿಡಿದರೆ ಒಳ್ಳೆಯ ಗ್ಯಾಸಿ ಕಲ್ಲಿದ್ದಲಿನಲ್ಲಿ ಚುರುಚುರು ಅನ್ನುವ ಸದ್ದು ಕೇಳಿಸುತ್ತದೆ. ಬಿರುಕಿನ ಬಾಯಲ್ಲಿ ಗುಳ್ಳೆ ಏಳುತ್ತಿರುತ್ತದೆ. ತಡ ಮಾಡದೆ ಕ್ಯಾನಿಸ್ಟರಿಗೆ (ಗಾಳಿಯಾಡದ ಡಬ್ಬಿ) ಹಾಕಿ, ಮುಚ್ಚಳ ಬಿಗಿದು, ಸೀಮಿನ (ನೆಲದೊಳಗಿನ ಕಲ್ಲಿದ್ದಲು ಪದರದ) ಬಿಸಿಯಲ್ಲಿರುವ ನೀರಿನ ತೊಟ್ಟಿಯಲ್ಲಿ ಇಡಬೇಕು. ಮುಚ್ಚಳದಿಂದ ಒಂದು ನಳಿಕೆ, ನೀರು ತುಂಬಿ ಬೋರಲು ಹಾಕಿದ ಅಳತೆ ಜಾಡಿಗೆ. ಗ್ಯಾಸ್ ಬಂದಷ್ಟು ನೀರು ಕೆಳಗೆ. ಮೊದಲು ಐದೈದು ನಿಮಿಷಕ್ಕೆ ಓದುವುದು, ಆಮೇಲೆ ಗಂಟೆಗೊಮ್ಮೆ, ಆಮೇಲೆ ದಿನಕ್ಕೊಮ್ಮೆ. ಕೆಲವು ಕಲ್ಲಿದ್ದಲು ವಾರಗಟ್ಟಲೆ ಬಿಡುತ್ತಲೇ ಇರುತ್ತದೆ.

ಕ್ಯಾನಿಸ್ಟರ್ ಮುಚ್ಚುವ ಮೊದಲೇ ಹೋದ ಗ್ಯಾಸಿಗೆ ಒಂದು ಉಪಾಯ ಇದೆ. ಶುರುವಿನಲ್ಲಿ ಹೊರಗೆ ಬರುವ ಗ್ಯಾಸ್ ಸಮಯದ ವರ್ಗಮೂಲಕ್ಕೆ ತಕ್ಕ ಹಾಗೆ ಇರುತ್ತದೆ. ಹಾಗಾಗಿ ಆ ಲೆಕ್ಕದಲ್ಲಿ ಗ್ರಾಫ್ ಹಾಕಿದರೆ ನೇರ ಗೆರೆ, ಅದನ್ನು ಹಿಂದಕ್ಕೆ ಎಳೆದರೆ ಹೋದದ್ದು ಎಷ್ಟು ಅಂತ ಸಿಗುತ್ತದೆ. ಕೊನೆಗೆ ಒಂದು ತುಂಡನ್ನು ಮುಚ್ಚಿದ ಮಿಲ್ಲಿನಲ್ಲಿ ನುಣ್ಣಗೆ ಪುಡಿ ಮಾಡಿ, ಒಳಗೆ ಉಳಿದಿದ್ದನ್ನೂ ಅಳೆಯುತ್ತೇವೆ. ಹೋದದ್ದು, ಬಂದದ್ದು, ಉಳಿದದ್ದು, ಮೂರೂ ಸೇರಿದರೆ ಒಟ್ಟು.

ಕೋಲಾರ_ಚಿನ್ನದಗಣಿ:

ನಮ್ಮ ಮನೆಯಲ್ಲಿ ಎರಡು ತಲೆಮಾರು ಕೆಜಿಎಫ್ ಗಣಿಯಲ್ಲಿ ದುಡಿದವರು. ಅಲ್ಲಿ ಭಯ ಇದ್ದದ್ದು ರಾಕ್ ಬರ್ಸ್ಟಿಗೆ. ಬಂಡೆಯೇ ಸಿಡಿಯುವುದು. ಕಲ್ಲಿದ್ದಲು ಗಣಿಯಲ್ಲೂ ಸಿಡಿಯುತ್ತದೆ, ಅದಕ್ಕೆ ಔಟ್‌ಬರ್ಸ್ಟ್ ಅನ್ನುತ್ತಾರೆ ಅಂತ ಕೇಳಿದ್ದೇನೆ. ಎರಡೂ ಒಂದೇನಾ, ಅಥವಾ ಈ ಗ್ಯಾಸಿನ ವಿಷಯಕ್ಕೂ ಅದಕ್ಕೂ ಸಂಬಂಧ ಇದೆಯಾ?

ಧನಬಾದ್_ಕನ್ನಡಿಗ:

ಸಂಬಂಧ ಇದೆ ಸರ್, ಬಹಳ ಇದೆ. ಕೆಜಿಎಫ್‌ನಲ್ಲಿ ಸಿಡಿದದ್ದು ಬಂಡೆಯೊಳಗೆ ಅದುಮಿಟ್ಟಿದ್ದ ಒತ್ತಡದ ಶಕ್ತಿ, ಅಲ್ಲಿ ಗ್ಯಾಸಿನ ಪಾತ್ರ ಇಲ್ಲ. ಔಟ್‌ಬರ್ಸ್ಟ್‌ನಲ್ಲಿ ಬಂಡೆಯ ಒತ್ತಡದ ಜೊತೆಗೆ ಅಂಟಿಕೊಂಡ ಗ್ಯಾಸೂ ಸೇರುತ್ತದೆ. ಸಾಮಾನ್ಯವಾಗಿ ಫಾಲ್ಟ್ (ಬಂಡೆಯ ಪದರ ಮುರಿದು ಸರಿದ ಜಾಗ) ಹತ್ತಿರ, ಕಲ್ಲಿದ್ದಲು ಅರೆದು ಪುಡಿಯಾಗಿ ಮೆತ್ತಗಾಗಿರುವ ಕಡೆ ಆಗುತ್ತದೆ. ಆ ಕಲ್ಲಿದ್ದಲಿನಲ್ಲಿ ಗ್ಯಾಸ್ ಇರುತ್ತದೆ, ಆದರೆ ಹೊರಗೆ ಹರಿದು ಬರಲು ದಾರಿ ಇರುವುದಿಲ್ಲ. ಫೇಸ್ (ಕಲ್ಲಿದ್ದಲು ಕೊರೆಯುತ್ತಿರುವ ಮುಖ) ಮುಂದೆ ಮುಂದೆ ಹೋಗಿ ಅದರ ಮತ್ತು ಸುರಂಗದ ನಡುವೆ ತೆಳ್ಳನೆ ಗೋಡೆ ಉಳಿದಾಗ, ಒಂದು ಪಕ್ಕ ಹತ್ತಾರು ಬಾರ್, ಇನ್ನೊಂದು ಪಕ್ಕ ಒಂದು ಬಾರ್. ಗೋಡೆ ಒಡೆಯಿತು ಅಂದರೆ ಒತ್ತಡ ಒಂದೇ ಸಲ ಗೆರೆಯ ಎಡ ತುದಿಗೆ ಬೀಳುತ್ತದೆ, ಪುಡಿಯಾದ್ದರಿಂದ ಗ್ಯಾಸ್ ಕೂಡಲೇ ಬಿಡುತ್ತದೆ, ಬಿಟ್ಟ ಗ್ಯಾಸ್ ಇನ್ನಷ್ಟು ಕಲ್ಲಿದ್ದಲನ್ನು ಒಡೆಯುತ್ತದೆ. ಟನ್‌ಗಟ್ಟಲೆ ಪುಡಿ ಸುರಂಗಕ್ಕೆ ನುಗ್ಗುತ್ತದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಾಲಿನ್ಸ್‌ವಿಲ್ ಗಣಿಯಲ್ಲಿ 1954ರಲ್ಲಿ ಹೀಗಾಗಿ ಏಳು ಜನ ಸತ್ತರು. ಅಲ್ಲಿ ಬಂದದ್ದು ಕಾರ್ಬನ್ ಡೈಆಕ್ಸೈಡ್. ಉರಿಯಲಿಲ್ಲ, ಸ್ಫೋಟ ಆಗಲಿಲ್ಲ, ಉಸಿರಾಡಲು ಗಾಳಿಯೇ ಇಲ್ಲದ ಹಾಗಾಯಿತು.

ಪುಡಿ ಅಂದರೆ ಯಾಕೆ ಅಷ್ಟು ಬೇಗ ಅಂತ ಕೇಳಬಹುದು. ಡಿಫ್ಯೂಶನ್‌ಗೆ ಬೇಕಾದ ಸಮಯ ತುಂಡಿನ ಗಾತ್ರದ ವರ್ಗಕ್ಕೆ ತಕ್ಕ ಹಾಗೆ. ಹತ್ತು ಪಟ್ಟು ಸಣ್ಣದಾದರೆ ನೂರು ಪಟ್ಟು ಬೇಗ. ಕಲ್ಲಿದ್ದಲು ಕೊರೆಯುವ ಮೆಷಿನ್ ಜೋರಾಗಿ ಓಡಿದಾಗ ಫೇಸ್‌ನಲ್ಲಿ ಮೀಥೇನ್ ಏರುವುದೂ ಇದರಿಂದಲೇ, ಹೊಸ ಕಲ್ಲಿದ್ದಲೂ ಬಯಲಾಗುತ್ತದೆ, ಪುಡಿಯೂ ಆಗುತ್ತದೆ.

ನಮ್ಮ ದೇಶದಲ್ಲಿ ಗಣಿಗಳನ್ನು ಗ್ಯಾಸಿನ ಮೇಲೆ ಮೂರು ಡಿಗ್ರಿ ಮಾಡಿದ್ದಾರೆ. ಟನ್ ಕಲ್ಲಿದ್ದಲು ತೆಗೆದಾಗ ಒಂದು ಘನ ಮೀಟರಿಗಿಂತ ಕಮ್ಮಿ ಬಂದರೆ ಒಂದನೇ ಡಿಗ್ರಿ, 1ರಿಂದ 10 ಬಂದರೆ ಎರಡನೇದು, 10ಕ್ಕಿಂತ ಜಾಸ್ತಿ ಆದರೆ ಮೂರನೇದು. ಝರಿಯಾ, ರಾಣಿಗಂಜ್‌ನ ಆಳದ ಸೀಮುಗಳಲ್ಲಿ ಮೂರನೇ ಡಿಗ್ರಿ ಸಿಗುತ್ತದೆ. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರ ಒಳಗೆ ಇದ್ದರೆ ಕಿಡಿ ಸಾಕು. 1958ರಲ್ಲಿ ಚಿನಾಕುರಿ ಗಣಿಯಲ್ಲಿ 170ಕ್ಕೂ ಹೆಚ್ಚು ಜನ ಹೋದರು. 2006ರಲ್ಲಿ ಇಲ್ಲೇ ಭಾಟ್ಡೀಹ್‌ನಲ್ಲಿ 50 ಜನ. ಒಬ್ಬೊಬ್ಬರಿಗೂ ಮನೆ ಇತ್ತು. ಈ ಅಡ್ಸಾರ್ಪ್ಶನ್ ಗೆರೆ ಪರೀಕ್ಷೆಗೆ ಬರೆಯುವ ಗೆರೆ ಮಾತ್ರ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಬಯಲುಸೀಮೆ_ಗಾಳಿ:

ಒಂದು ಸಣ್ಣ ಪ್ರಶ್ನೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದಾಗ ಗಣಿಗಳಲ್ಲಿ ಗ್ಯಾಸ್ ಜಾಸ್ತಿ ಬರುತ್ತದಾ? ಹೊರಗಿನ ಒತ್ತಡ ಇಳಿದರೆ ಒಳಗಿನದು ಬರಬೇಕಲ್ವಾ?

ಧನಬಾದ್_ಕನ್ನಡಿಗ:

ಬರುತ್ತದೆ, ಆದರೆ ಅಂಟಿದ ಗ್ಯಾಸ್ ಅಲ್ಲ. ವಾಯುಭಾರ ಇಳಿಯುವುದು 20 ಮಿಲಿಬಾರ್ ಇರಬಹುದು, ಅಂದರೆ 0.02 ಬಾರ್. ಗೋಡೆಯ ಗ್ಯಾಸಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಕಲ್ಲಿದ್ದಲು ತೆಗೆದ ಮೇಲೆ ಉಳಿದ ಗೋಫ್‌ನಲ್ಲಿ ಈಗಾಗಲೇ ಬಿಡುಗಡೆಯಾದ ಗ್ಯಾಸ್ ತುಂಬಿರುತ್ತದೆ. ಅದು ಶೇಕಡಾ 2ರಷ್ಟು ಹಿಗ್ಗುತ್ತದೆ. ಗೋಫ್‌ನ ಖಾಲಿ ಜಾಗ ಒಂದು ಲಕ್ಷ ಘನ ಮೀಟರ್ ಇದ್ದರೆ 2,000 ಘನ ಮೀಟರ್ ಕೆಟ್ಟ ಗಾಳಿ ಜನ ಓಡಾಡುವ ದಾರಿಗೆ ಬರುತ್ತದೆ. ಗಣಿಯವರು ಬ್ಯಾರೋಮೀಟರ್ ನೋಡುವುದು ಅದಕ್ಕೆ.

ತಿಪಟೂರು_ಕರಟ:

ನಮ್ಮದು ಕರಟದ ಇದ್ದಿಲಿನ ಕೆಲಸ. ನಮ್ಮ ಇದ್ದಿಲು ಆಕ್ಟಿವೇಟೆಡ್ ಕಾರ್ಬನ್ ಮಾಡುವವರಿಗೆ ಹೋಗುತ್ತದೆ. ಅದರಲ್ಲಿ ಒಂದು ಗ್ರಾಮಿಗೆ 1,000 ಚದರ ಮೀಟರ್ ಸಿಗುತ್ತದೆ ಅನ್ನುತ್ತಾರೆ. ಹಾಗಾದರೆ ಸಿಎನ್‌ಜಿ ಟ್ಯಾಂಕಿನಲ್ಲಿ ಇದನ್ನೇ ತುಂಬಿ ಗ್ಯಾಸ್ ಹಿಡಿಸಬಹುದಲ್ವಾ? ಅಷ್ಟು ಪ್ರೆಶರ್ ಬೇಕಾಗುವುದಿಲ್ಲ.

ಕೆಮಿಸ್ಟ್ರಿ_ಮೇಡಂ:

ಅಂಥ ಪ್ರಯತ್ನ ತುಂಬಾ ವರ್ಷದಿಂದ ನಡೆದಿದೆ. ಸಿಎನ್‌ಜಿಗೆ 200 ಬಾರ್ ಬೇಕು. ಕಾರ್ಬನ್ ತುಂಬಿದ ಟ್ಯಾಂಕಿಗೆ 35 ಬಾರ್ ಆಸುಪಾಸಿನಲ್ಲಿ ಕೆಲಸ ಮಾಡಬೇಕು ಅನ್ನುವುದು ಗುರಿ. ತೊಡಕು ಅದೇ ಎಡ ತುದಿ. ಗಾಡಿಯ ಟ್ಯಾಂಕ್ ಒಂದು ಬಾರ್‌ಗೆ ಬಂದರೆ ಖಾಲಿ ಅಂತ ಲೆಕ್ಕ, ಆದರೆ ಕಾರ್ಬನ್ ಇನ್ನೂ ಒಂದಿಷ್ಟು ಹಿಡಿದುಕೊಂಡೇ ಇರುತ್ತದೆ. ರಂಧ್ರ ತೀರಾ ಕಿರಿದಾದರೆ ಆ ಉಳಿಕೆ ಜಾಸ್ತಿ, ಅಗಲ ಆದರೆ ಹಿಡಿತವೇ ಕಮ್ಮಿ. ಅದರ ಮೇಲೆ ಗ್ಯಾಸ್ ಬಿಡುವಾಗ ಕಾರ್ಬನ್ ತಣ್ಣಗಾಗುತ್ತದೆ, ತಣ್ಣಗಾದರೆ ಇನ್ನೂ ಬಿಗಿ ಹಿಡಿಯುತ್ತದೆ. ತುಂಬುವಾಗ ಬಿಸಿಯಾಗಿ ಕಮ್ಮಿ ಹಿಡಿಯುತ್ತದೆ. ಎರಡೂ ಕಡೆ ನಷ್ಟ.

ಇದೇ ತತ್ವ ಬಹಳ ಚೆನ್ನಾಗಿ ಕೆಲಸ ಮಾಡಿದ್ದನ್ನು ನಾವೆಲ್ಲ 2021ರಲ್ಲಿ ನೋಡಿದ್ದೇವೆ. ಕೋವಿಡ್ ಎರಡನೇ ಅಲೆಯ ಹೊತ್ತಿಗೆ ನಮ್ಮ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೆ ಪಿಎಸ್‌ಎ ಆಕ್ಸಿಜನ್ ಪ್ಲಾಂಟ್ ಬಂದವಲ್ಲ, ಅವು. ಅಲ್ಲಿ ಕಾರ್ಬನ್ ಬದಲು ಜಿಯೋಲೈಟ್ ಅನ್ನುವ ರಂಧ್ರ ತುಂಬಿದ ಖನಿಜ. ಎರಡು ಕಂಬದಂಥ ಟ್ಯಾಂಕು. ಒಂದಕ್ಕೆ ಕೆಲವು ಬಾರ್ ಒತ್ತಡದಲ್ಲಿ ಗಾಳಿ ಬಿಟ್ಟರೆ ನೈಟ್ರೋಜನ್ ಅಂಟಿಕೊಂಡು ಶೇಕಡಾ 93ರಷ್ಟು ಆಕ್ಸಿಜನ್ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಂದರ ಒತ್ತಡ ಬಿಟ್ಟು ಅಂಟಿದ ನೈಟ್ರೋಜನ್ ಹೊರಗೆ ಹಾಕುತ್ತಾರೆ. ಪ್ಲಾಂಟಿನ ಪಕ್ಕ ನಿಂತರೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಬುಸ್ ಅನ್ನುವ ಸದ್ದು, ಅದು ಅಂಟಿದ ಗ್ಯಾಸ್ ಬಿಡುವ ಡಿಸಾರ್ಪ್ಶನ್‌ನದೇ.

ಶಕ್ತಿನಗರ_ಹುಡುಗ:

ಇದನ್ನು ಖಂಡಿತ ಹಾಕುತ್ತೇನೆ ಮೇಡಂ. ಇನ್ನೊಂದು ಮುಖ್ಯ ಪ್ರಶ್ನೆ. ಕಾರ್ಬನ್ ಡೈಆಕ್ಸೈಡ್ ಕಲ್ಲಿದ್ದಲಿಗೆ ಮೀಥೇನ್‌ಗಿಂತ ಜಾಸ್ತಿ ಅಂಟುತ್ತದೆ ಅಂತ ಎಲ್ಲ ಕಡೆ ಇದೆ. ಹಾಗಾದರೆ ಥರ್ಮಲ್ ಪ್ಲಾಂಟಿನ ಹೊಗೆಯಿಂದ ಅದನ್ನು ಬೇರೆ ಮಾಡಿ ಆಳದ ಕಲ್ಲಿದ್ದಲಿಗೆ ಒತ್ತಿದರೆ ಮೀಥೇನ್ ಹೊರಗೆ, ಕಾರ್ಬನ್ ಡೈಆಕ್ಸೈಡ್ ಒಳಗೆ. ಎರಡು ಲಾಭ. ಯಾಕೆ ಎಲ್ಲರೂ ಮಾಡುತ್ತಿಲ್ಲ?

ಧನಬಾದ್_ಕನ್ನಡಿಗ:

ಆಸೆ ಹುಟ್ಟಿಸುವ ವಿಷಯ, ನನಗೂ ಇದರ ಮೇಲೆ ಪ್ರೀತಿ ಇದೆ. ನೈಟ್ರೋಜನ್ ಒಂದು ಪಾಲು ಅಂಟಿದರೆ ಮೀಥೇನ್ ಸುಮಾರು ಎರಡು ಪಾಲು, ಕಾರ್ಬನ್ ಡೈಆಕ್ಸೈಡ್ ಸುಮಾರು ನಾಲ್ಕು ಪಾಲು. ಕಲ್ಲಿದ್ದಲಿನ ದರ್ಜೆ ಮೇಲೆ ಈ ಅನುಪಾತ ಬಹಳ ಬದಲಾಗುತ್ತದೆ, ಎಳೆಯ ಕಲ್ಲಿದ್ದಲಿನಲ್ಲಿ ಕಾರ್ಬನ್ ಡೈಆಕ್ಸೈಡ್ ಇನ್ನೂ ಜಾಸ್ತಿ.

ಆದರೆ ಗ್ಯಾಸ್ ಅಂಟಿದಾಗ ಕಲ್ಲಿದ್ದಲು ಊದಿಕೊಳ್ಳುತ್ತದೆ. ಬಿಟ್ಟಾಗ ಕುಗ್ಗುತ್ತದೆ. ಮೀಥೇನ್ ತೆಗೆಯುವಾಗ ಇದು ನಮಗೆ ಅನುಕೂಲ. ಕಲ್ಲಿದ್ದಲು ಕುಗ್ಗಿದರೆ ಕ್ಲೀಟ್ ಅಗಲವಾಗುತ್ತದೆ, ಹರಿವು ಸಲೀಸು. ಅದೇ ಹೊತ್ತಿಗೆ ನೀರಿನ ಒತ್ತಡ ಹೋದದ್ದರಿಂದ ಮೇಲಿನ ಬಂಡೆಯ ಭಾರ ಕ್ಲೀಟನ್ನು ಮುಚ್ಚಲು ನೋಡುತ್ತದೆ. ಯಾವುದು ಗೆಲ್ಲುತ್ತದೆ ಅನ್ನುವುದು ಜಾಗದ ಮೇಲೆ. ಅಮೆರಿಕದ ಸಾನ್ ಹ್ವಾನ್ ಬೇಸಿನ್‌ನ ಎಷ್ಟೋ ಬಾವಿಗಳಲ್ಲಿ ಕುಗ್ಗುವುದೇ ಗೆದ್ದಿತು, ವರ್ಷ ಕಳೆದ ಹಾಗೆ ಹರಿಯುವ ದಾರಿ ಇನ್ನೂ ತೆರೆದುಕೊಂಡಿತು.

ಕಾರ್ಬನ್ ಡೈಆಕ್ಸೈಡ್ ಒತ್ತುವಾಗ ಇದೇ ತಿರುಗಿ ಬೀಳುತ್ತದೆ. ಜಾಸ್ತಿ ಅಂಟುತ್ತದೆ, ಜಾಸ್ತಿ ಊದುತ್ತದೆ, ಬಾವಿಯ ಸುತ್ತಲಿನ ಕ್ಲೀಟ್ ಮುಚ್ಚಿಕೊಳ್ಳುತ್ತದೆ, ಮುಂದೆ ಒಳಗೆ ಹೋಗುವುದೇ ಇಲ್ಲ. ಅದೇ ಸಾನ್ ಹ್ವಾನ್‌ನಲ್ಲಿ ಆಲಿಸನ್ ಯೂನಿಟ್ ಅಂತ, 1995ರಿಂದ 2001ರವರೆಗೆ ಒತ್ತಿ ನೋಡಿದರು. ಬಾವಿಯ ಹತ್ತಿರ ಹರಿವಿನ ದಾರಿ ತೀರಾ ಕುಸಿಯಿತು. ಪೋಲೆಂಡಿನ ಸೈಲೀಸಿಯಾದಲ್ಲಿ ರೆಕೊಪೋಲ್ ಅನ್ನುವ ಪ್ರಯೋಗದಲ್ಲಿ ಒತ್ತುವುದು 2004ರಲ್ಲಿ ಶುರುವಾಯಿತು. ಅಲ್ಲೂ ಇದೇ ಕಾಟ, ಬಾವಿಯನ್ನು ಫ್ರ್ಯಾಕ್ ಮಾಡಿದ (ಒತ್ತಡದ ದ್ರವದಿಂದ ಪದರದಲ್ಲಿ ಬಿರುಕು ಮಾಡಿದ) ಮೇಲೆ 2005ರಲ್ಲಿ ನಿರಂತರವಾಗಿ ಒತ್ತಲು ಸಾಧ್ಯವಾಯಿತು. ಜಪಾನಿನ ಯೂಬಾರಿಯಲ್ಲೂ ಊದುವ ಸಮಸ್ಯೆ ಬಂತು.

ರಾಯಚೂರಿಗೆ ಹೇಳುವುದಾದರೆ, ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಪದರ ಇಲ್ಲ. ಹತ್ತಿರದ್ದು ಗೋದಾವರಿ ಕಣಿವೆ, ಸಿಂಗರೇಣಿ ಕಡೆ. ಅಲ್ಲಿ ತನಕ ಪೈಪು ಹಾಕಿ, ಒತ್ತಿ, ಊದದ ಹಾಗೆ ನೋಡಿಕೊಂಡು, ಮುಂದೆ ಯಾರೂ ಆ ಕಲ್ಲಿದ್ದಲನ್ನು ತೆಗೆಯದ ಹಾಗೆ ಕಾಯಬೇಕು. ತೆಗೆದರೆ ಒತ್ತಡ ಇಳಿಯುತ್ತದೆ, ಒಳಗಿಟ್ಟದ್ದೆಲ್ಲ ವಾಪಸ್. ನನ್ನ ಅಭಿಪ್ರಾಯ ಕೇಳಿದರೆ, ಯಾರೂ ಮುಟ್ಟದಷ್ಟು ಆಳದ, ತೆಳ್ಳಗಿನ ಸೀಮುಗಳಲ್ಲಿ ಸಣ್ಣ ಪ್ರಮಾಣದಲ್ಲಿ ಕಲಿಯಬೇಕು. ಥರ್ಮಲ್ ಪ್ಲಾಂಟಿನ ಹೊಗೆಗೆಲ್ಲ ಇದೇ ಪರಿಹಾರ ಅಂತ ಸ್ಲೈಡ್‌ನಲ್ಲಿ ಬರೆಯಬೇಡ. ಗಣಿ ಮಾಡುವ ಮೊದಲೇ ಮೀಥೇನ್ ಎಳೆದು ಉರಿಸುವುದು ಇವತ್ತೇ ಆಗುವ ಕೆಲಸ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಮಾಡುತ್ತದೆ. ಅದನ್ನು ಗಾಳಿಗೆ ಬಿಡದೆ ಇದ್ದರೆ ಕೆಳಗೆ ದುಡಿಯುವವರ ಜೀವವೂ ಉಳಿಯುತ್ತದೆ.

ಪಣಂಬೂರು_ಧಕ್ಕೆ:

ಇಷ್ಟೆಲ್ಲ ಓದಿದ ಮೇಲೆ ಬರೆಯಲೇಬೇಕು ಅನ್ನಿಸಿತು. ನಾನು ಹಡಗಿನಿಂದ ಕಲ್ಲಿದ್ದಲು ಇಳಿಸುವ ಕೆಲಸದ ಮೇಲ್ವಿಚಾರಕ. ಹೊರದೇಶದ ಕಲ್ಲಿದ್ದಲು ಮಂಗಳೂರಿಗೆ ಬರುತ್ತದೆ. ಕರ್ನಾಟಕದಲ್ಲಿ ಗಣಿ ಇಲ್ಲ ಅಂದರೂ ಈ ಗ್ಯಾಸಿನ ವಿಷಯ ನಮ್ಮ ಹುಡುಗರಿಗೆ ದಿನಾ ಎದುರಾಗುವಂಥದ್ದು. ಹ್ಯಾಚ್ (ಹೋಲ್ಡ್, ಅಂದರೆ ಸರಕು ತುಂಬುವ ಕೋಣೆಯ ಮುಚ್ಚಳ) ತೆಗೆಯುವ ಮೊದಲು ಸ್ಯಾಂಪಲ್ ಪಾಯಿಂಟಿನಿಂದ ಗ್ಯಾಸ್ ನೋಡುತ್ತಾರೆ. ಹೋಲ್ಡಿಗೆ ಇಳಿಯುವ ಏಣಿಯ ಬಾಗಿಲು ಬೇರೆ ಇರುತ್ತದೆ, ಸುತ್ತಲೂ ಕಟ್ಟಿದ ಇಕ್ಕಟ್ಟಾದ ಗೂಡು. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಮೀಟರಿನಲ್ಲಿ ಉರಿಯುವ ಗ್ಯಾಸ್ ಸೊನ್ನೆ ತೋರಿಸುತ್ತಿದೆ ಅಂತ ಹೇಳಿ ಹುಡುಗನೊಬ್ಬನನ್ನು ಆ ಗೂಡಿಗೆ ಇಳಿಸಿದರು. ಅರ್ಧ ಏಣಿಯಲ್ಲೇ ತಲೆ ತಿರುಗಿತು, ಹಗ್ಗ ಕಟ್ಟಿದ್ದರಿಂದ ಎಳೆದುಕೊಂಡರು, ಬದುಕಿದ. ಸೊನ್ನೆ ಇದ್ದರೂ ಹಾಗೇಕೆ?

ಧನಬಾದ್_ಕನ್ನಡಿಗ:

ಹುಡುಗ ಬದುಕಿದ ಅಂತ ಕೇಳಿ ಸಮಾಧಾನ ಆಯಿತು. ಕಲ್ಲಿದ್ದಲು ಮೀಥೇನ್ ಬಿಡುವುದು ಒಂದು ಕಡೆ, ಆಕ್ಸಿಜನ್ ಎಳೆದುಕೊಳ್ಳುವುದು ಇನ್ನೊಂದು ಕಡೆ. ಆಕ್ಸಿಜನ್ ಮೊದಲು ಗೋಡೆಗೆ ಅಂಟುತ್ತದೆ, ಆಮೇಲೆ ಕೆಮಿಕಲ್ ಆಗಿ ಸೇರಿಕೊಂಡು ಬಿಸಿ ಹುಟ್ಟಿಸುತ್ತದೆ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಇದು ಮೀಥೇನ್ ಹಾಗೆ ವಾಪಸ್ ಬರುವುದಿಲ್ಲ, ಹೋದದ್ದು ಹೋಯಿತು. ಇಂಡೋನೇಷ್ಯಾದಿಂದ ಬರುವಂಥ ಎಳೆಯ ಕಲ್ಲಿದ್ದಲಿನಲ್ಲಿ ಈ ಗುಣ ಜಾಸ್ತಿ. ಮುಚ್ಚಿದ ಹೋಲ್ಡಿನಲ್ಲಿ ಸಮುದ್ರಯಾನ ಮುಗಿಯುವಷ್ಟರಲ್ಲಿ ಆಕ್ಸಿಜನ್ ಮನುಷ್ಯ ಬದುಕದ ಮಟ್ಟಕ್ಕೆ ಇಳಿದಿರಬಹುದು. ಹೋಲ್ಡಿನ ಗಾಳಿ ಏಣಿಯ ಗೂಡಿಗೂ ಸೋರುತ್ತದೆ, ಹ್ಯಾಚ್ ತೆರೆದರೂ ಆ ಗೂಡಿನ ಗಾಳಿ ಬದಲಾಗುವುದಿಲ್ಲ.

ಶಕ್ತಿನಗರ_ಹುಡುಗ:

ಅದಕ್ಕೇನಾ ನಮ್ಮ ಪ್ಲಾಂಟಿನ ಯಾರ್ಡಿನಲ್ಲಿ ರಾಶಿಯನ್ನು ಬುಲ್ಡೋಜರಿನಲ್ಲಿ ತುಳಿಸುವುದು? ಗಾಳಿ ಒಳಗೆ ಹೋಗದಿರಲಿ ಅಂತ?

ಧನಬಾದ್_ಕನ್ನಡಿಗ:

ಅದಕ್ಕೇ. ಸಡಿಲ ರಾಶಿಯೊಳಗೆ ಗಾಳಿ ಆಡಿದರೆ ಬಿಸಿ ಏರಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಧಕ್ಕೆಯವರೇ, ನಿಮ್ಮ ಮೀಟರಿನ ಸೊನ್ನೆ ವಿಷಯ. ಆಕ್ಸಿಜನ್ ಇಲ್ಲದಿರುವುದನ್ನು ಉರಿಯುವ ಗ್ಯಾಸಿನ ಸೆನ್ಸಾರ್ ಹೇಳುವುದೇ ಇಲ್ಲ, ಅದಕ್ಕೆ ಬೇರೆ ಸೆನ್ಸಾರ್ ಬೇಕು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಾಮಾನ್ಯ ಮೀಟರುಗಳಲ್ಲಿ ಮೀಥೇನ್ ಅಳೆಯುವುದು ಕ್ಯಾಟಲಿಟಿಕ್ ಸೆನ್ಸಾರ್. ಅದು ಮೀಥೇನನ್ನು ಒಂದು ಸಣ್ಣ ಬಿಸಿ ಮಣಿಯ ಮೇಲೆ ಉರಿಸಿ ನೋಡುತ್ತದೆ. ಉರಿಯಲು ಆಕ್ಸಿಜನ್ ಬೇಕು. ಆಕ್ಸಿಜನ್ ಶೇಕಡಾ 10ರ ಕೆಳಗೆ ಹೋದರೆ ಮೀಥೇನ್ ಎಷ್ಟೇ ಇದ್ದರೂ ಕಮ್ಮಿ ತೋರಿಸುತ್ತದೆ, ಸೊನ್ನೆಯನ್ನೂ ತೋರಿಸಬಹುದು. ಕಲ್ಲಿದ್ದಲು ಹೋಲ್ಡಿಗೆ ಇನ್‌ಫ್ರಾರೆಡ್ ಸೆನ್ಸಾರ್ ಇರುವ ಮೀಟರ್ ಕೇಳಿ, ಅದಕ್ಕೆ ಆಕ್ಸಿಜನ್ ಬೇಕಾಗಿಲ್ಲ. ಓದುವಾಗ ಮೊದಲು ಆಕ್ಸಿಜನ್ ನೋಡಿ, 20.9 ಇದೆಯಾ ಅಂತ. ಆಮೇಲೆ ಮೀಥೇನ್, ಆಮೇಲೆ ಕಾರ್ಬನ್ ಮೊನಾಕ್ಸೈಡ್. ಏಣಿಯ ಗೂಡಿನಲ್ಲಿ ಮೇಲೆ, ನಡುವೆ, ಕೆಳಗೆ, ಮೂರೂ ಕಡೆ ನಳಿಕೆ ಬಿಟ್ಟು ನೋಡಿಸಿ. ಇಳಿಯುವವನ ಎದೆಯ ಮೇಲೂ ಒಂದು ಮೀಟರ್ ಇರಲಿ.

ಪಣಂಬೂರು_ಧಕ್ಕೆ:

ಇದನ್ನು ಪ್ರಿಂಟ್ ತೆಗೆದು ನಾಳೆ ಬೆಳಿಗ್ಗೆಯ ಪಾಳಿ ಶುರುವಾಗುವ ಮೊದಲು ಎಲ್ಲರಿಗೂ ಓದಿ ಹೇಳುತ್ತೇನೆ. ನಮ್ಮ ಮೀಟರಿನಲ್ಲಿ ಯಾವ ಸೆನ್ಸಾರ್ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಧನಬಾದ್_ಕನ್ನಡಿಗ:

ಮೀಟರಿನ ಜೊತೆ ಬಂದ ಪುಸ್ತಕದಲ್ಲಿ, ಇಲ್ಲವೇ ಕ್ಯಾಲಿಬ್ರೇಶನ್ ಸರ್ಟಿಫಿಕೇಟಿನಲ್ಲಿ ಸೆನ್ಸಾರಿನ ವಿಧ ಬರೆದಿರುತ್ತದೆ. ಪೆಲಿಸ್ಟರ್ ಅಥವಾ ಕ್ಯಾಟಲಿಟಿಕ್ ಅಂತ ಇದ್ದರೆ ಆಕ್ಸಿಜನ್ ಕಮ್ಮಿ ಇರುವ ಕಡೆ ಅದನ್ನು ನಂಬಬೇಡಿ. ಫೋಟೋ ಹಾಕಿ, ನೋಡಿ ಹೇಳುತ್ತೇನೆ.